ಮುದುಕಿಗೆ ಮುಂದಿನ ದವಡೆ

ಓಲ್ಶಾನ್ಕಾ
೧೧ ಜನವರಿ ೧೯೯೩

ಮಾನ್ಯ ರಾಡ್ವಾನ್ ಅವರಿಗೆ,

‘ದವಡೆ: ಹೊಸದು, ದುರಸ್ತಿ, ಬೇಗ’ ಎಂಬ ನಿಮ್ಮ ಜಾಹೀರಾತನ್ನು ಪತ್ರಿಕೆಯಲ್ಲಿ ನೋಡಿದೆ. ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಕ್ಷಮಿಸಿ.

ನಮ್ಮ ಮುದುಕಿಗೆ ಮುಂದಿನ ದವಡೆಗಳು ಬೇಕು, ಬಲಗಡೆಯದೂ ಎಡಗಡೆಯದೂ. ಇದ್ದವು ಸವೆದು ಒಳಗಿನ ಕಬ್ಬಿಣ ಕಾಣುತ್ತಿದೆ. ಹಿಂದಿನವು ಇನ್ನೂ ಸ್ವಲ್ಪ ಕಾಲ ಬಂದಾವು. ಅವಳ ಕಾಲದ ದವಡೆ ಈಗ ಎಲ್ಲೂ ಸಿಗುತ್ತಿಲ್ಲ. ಪೇಟೆಯಲ್ಲಿ ಕೇಳಿದರೆ, ‘ಅವಳನ್ನ ಗುಜರಿಗೆ ಹಾಕಮ್ಮ, ಇನ್ನೂ ಯಾಕೆ ಇಟ್ಕೊಂಡಿದೀಯ’ ಎನ್ನುತ್ತಾರೆ.

ಸದ್ಯಕ್ಕೆ ಕೊಟ್ಟಿಗೆಯಲ್ಲಿ ನಿಲ್ಲಿಸಿ ಹಳೆಯ ಕಂಬಳಿ ಹೊದಿಸಿದ್ದೇವೆ. ಎಡಗಡೆಯಿಂದ ಎಣ್ಣೆ ಸೋರುತ್ತಿತ್ತು. ನೆರೆಮನೆಯ ಬಾಜಿಲಿ ಸುತ್ತಿಗೆ ತಂದು ಅದನ್ನು ನಿಲ್ಲಿಸಿದ. ದವಡೆಗಳು ಸಿಕ್ಕರೆ ಅವನೇ ಕೂರಿಸಿಕೊಡುತ್ತಾನೆ.

ನಿಮ್ಮಿಂದ ಆಗುತ್ತದೆಯೇ, ಎಷ್ಟು ದಿನ ಬೇಕು ಎಂದು ತಿಳಿಸಿದರೆ ಉಪಕಾರ.

ವಂದನೆಗಳೊಂದಿಗೆ,
ಲುದ್ವಿಕಾ ಗ್ರೊಮಾಡಾ


ವೂಚ್
೧೫ ಜನವರಿ ೧೯೯೩

ಶ್ರೀಮತಿ ಗ್ರೊಮಾಡಾ ಅವರಿಗೆ,

ನಿಮ್ಮ ಪತ್ರ ಈ ದಿನ ತಲುಪಿತು. ಎರಡು ಸಲ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಆಕೆ ಪೊಲೀಸರಿಗೆ ಬರೆಯಿರಿ ಎಂದಳು. ಮೊದಲು ನಿಮಗೇ ಬರೆಯೋಣ ಎಂದುಕೊಂಡೆ.

ನಾನು ನಲವತ್ತು ವರ್ಷದಿಂದ ಹಲ್ಲು ಕಟ್ಟುತ್ತಿದ್ದೇನೆ. ದವಡೆಯಲ್ಲಿ ಮೇಲಿನದು ಕೆಳಗಿನದು ಎಂದಿದೆಯೇ ಹೊರತು ಮುಂದಿನದು ಹಿಂದಿನದು ಎಂದಿಲ್ಲ. ಕಬ್ಬಿಣ ಕಾಣುವಂಥ ಹಲ್ಲಿನ ಸೆಟ್ಟನ್ನು ಆಕೆಗೆ ಕಟ್ಟಿಕೊಟ್ಟವರು ಯಾರು ಎಂದು ತಿಳಿಯಬೇಕು. ಬಾಯಿಂದ ಸೋರುವುದು ಎಣ್ಣೆಯಲ್ಲ, ಕೀವು ಇರಬೇಕು. ಅದಕ್ಕೆ ವೈದ್ಯರು ಬೇಕು.

ವಯಸ್ಸಾದ ಹೆಂಗಸನ್ನು ಈ ಚಳಿಯಲ್ಲಿ ಕೊಟ್ಟಿಗೆಯಲ್ಲಿ ಇಡುವುದು ನಿಮ್ಮ ಊರಿನ ಪದ್ಧತಿಯೋ ಏನೋ ನಾನರಿಯೆ. ಬಾಜಿಲಿ ಎಂಬಾತನ ಪೂರ್ಣ ಹೆಸರನ್ನೂ ವಿಳಾಸವನ್ನೂ ಮರುಟಪಾಲಿನಲ್ಲಿ ಕಳಿಸಿ. ಆತ ಸುತ್ತಿಗೆ ಮುಟ್ಟದಿರಲಿ.

ತೆಯೊಫಿಲ್ ರಾಡ್ವಾನ್


ಓಲ್ಶಾನ್ಕಾ
೨೧ ಜನವರಿ ೧೯೯೩

ಮಾನ್ಯ ರಾಡ್ವಾನ್ ಅವರಿಗೆ,

ನಿಮ್ಮ ಪತ್ರವನ್ನು ಬಾಜಿಲಿಗೆ ಓದಿ ಹೇಳಬಾರದಿತ್ತು. ಹೇಳಿದೆ. ಈಗ ಊರಿಗೆಲ್ಲ ಗೊತ್ತು.

ಮುದುಕಿ ಎಂದರೆ ನಮ್ಮ ಕಾರು. ಸಿರೆನಾ, ಅರವತ್ತೆಂಟನೇ ಇಸವಿಯದು. ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆದುಕೊಳ್ಳುತ್ತದಲ್ಲ, ಆ ಜಾತಿ. ಚಕ್ರದ ಡ್ರಮ್ಮಿನೊಳಗೆ ಅರ್ಧಚಂದ್ರದಂತೆ ಎರಡು ಕಬ್ಬಿಣದ ತುಂಡುಗಳಿರುತ್ತವೆ. ಬ್ರೇಕ್ ತುಳಿದಾಗ ಅವು ಬಾಯಿ ಅಗಲಿಸಿ ಡ್ರಮ್ಮನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತವೆ. ಅವನ್ನು ಎಲ್ಲರೂ ದವಡೆ ಎನ್ನುವುದರಿಂದ ನಾನೂ ಹಾಗೇ ಬರೆದೆ. ಹಲ್ಲಿನ ಸೆಟ್ಟಿಗೂ ದವಡೆ ಎನ್ನುತ್ತಾರೆಂಬುದು ನೆನಪಾಗಲಿಲ್ಲ. ನಿಮ್ಮ ಜಾಹೀರಾತು ಟೈರುಗಳ ಕೆಳಗೆ, ಬ್ಯಾಟರಿಗಳ ಮೇಲೆ ಇತ್ತು.

ಅಮ್ಮ ಮನೆಯೊಳಗೆ ಒಲೆಯ ಪಕ್ಕದಲ್ಲೇ ಇದ್ದಾಳೆ. ‘ನನ್ನ ಬಾಯಲ್ಲಿ ಇನ್ನೂ ಹದಿನೇಳು ಹಲ್ಲಿದೆ ಅಂತ ಬರಿ ಅವರಿಗೆ, ಕೊಟ್ಟಿಗೇಲಿ ಮಲಗೋಳು ನಾನಲ್ಲ’ ಎಂದು ಹೇಳಿದಳು. ಬರೆದಿದ್ದೇನೆ.

ನಾನು ಚರ್ಚಿನಲ್ಲಿ ಆರ್ಗನ್ ನುಡಿಸುತ್ತೇನೆ. ಕಳೆದ ಶರತ್ಕಾಲದಲ್ಲಿ ಗುಡ್ಡದ ಮೇಲಿನ ಗೂರ್ಕಾ ಚರ್ಚನ್ನೂ ನಮ್ಮ ಪಾದ್ರಿಗಳಿಗೆ ವಹಿಸಿದರು. ಅದೇ ತಿಂಗಳು ಅಲ್ಲಿಗೆ ಹೋಗುವ ಬಸ್ಸು ನಿಂತಿತು. ಪಾದ್ರಿ ಅಂಬ್ರೋಜಿ ನನ್ನನ್ನು ಕರೆದು ಹೇಳಿದರು: ‘ನೋಡು ಲುದ್ವಿಕಾ, ಎರಡೂ ಕಡೆ ನುಡಿಸೋರು ಬೇಕು, ನನ್ನನ್ನೂ ಎರಡೂ ಕಡೆ ಮುಟ್ಟಿಸೋರು ಬೇಕು. ಪೇಟೆ ಹುಡುಗ ಒಬ್ಬ ಕೇಳ್ತಾ ಇದಾನೆ. ಅವನ ಹತ್ರ ಜರ್ಮನಿಯಿಂದ ತಂದ ಗಾಡಿ ಇದೆ, ಸಂಗೀತ ಶಾಲೆ ಸರ್ಟಿಫಿಕೇಟೂ ಇದೆ. ಪಾಸ್ಖ ಹಬ್ಬದ ತನಕ, ಅಂದ್ರೆ ಏಪ್ರಿಲ್ ತನಕ ಕಾಯ್ತೀನಿ. ಅಷ್ಟರಲ್ಲಿ ನಿನ್ನ ಗಾಡಿಗೆ ತಪಾಸಣೆ ಮುದ್ರೆ ಹಾಕಿಸ್ಕೊಂಡು ಬಾ. ಇಲ್ದಿದ್ರೆ ನನ್ನನ್ನ ಬೈಬೇಡ.’

ಹದಿನಾರನೇ ವಯಸ್ಸಿನಿಂದ ಆ ಬೆಂಚಿನ ಮೇಲೆ ಕೂತಿದ್ದೇನೆ. ಬೇರೆ ಕೆಲಸ ಬರುವುದಿಲ್ಲ, ಬೇಕೆಂದೂ ಅನ್ನಿಸಿಲ್ಲ. ಭಾನುವಾರಗಳು ಸದ್ಯಕ್ಕೆ ಹೇಗೋ ನಡೆಯುತ್ತಿವೆ.

ರೋಗಿಗಳ ನಡುವೆ ನಿಮ್ಮ ಹೊತ್ತು ಹಾಳುಮಾಡಿದೆ. ಉತ್ತರಿಸುವ ಅಗತ್ಯವಿಲ್ಲ. ಶ್ರೀಮತಿಯವರಿಗೆ ನನ್ನ ಕ್ಷಮೆ ತಿಳಿಸಿ.

ಲುದ್ವಿಕಾ ಗ್ರೊಮಾಡಾ


ವೂಚ್
೨೬ ಜನವರಿ ೧೯೯೩

ಲುದ್ವಿಕಾ ಅವರಿಗೆ,

ನನ್ನ ಹೆಂಡತಿ ಗೆನೊವೆಫಾ ನಿಮ್ಮ ಪತ್ರ ಕೇಳಿ ಕುರ್ಚಿಯಿಂದ ಎದ್ದು ಹೋಗಿ ಅಡಿಗೆಮನೆಯಲ್ಲಿ ನಕ್ಕು ಬಂದಳು. ‘ಈಗ ಆ ಬಾಜಿಲಿಗೆ ನೀವೇ ಕ್ಷಮೆ ಕೇಳ್ರಿ’ ಎಂದಳು. ಕೇಳಿದ್ದೇನೆಂದು ತಿಳಿಸಿ.

ಜಾಹೀರಾತು ಟೈರುಗಳ ಕೆಳಗೆ ಇತ್ತೆಂದು ಬರೆದಿದ್ದೀರಿ. ತಿಳಿಸಿದ್ದು ಒಳ್ಳೆಯದಾಯಿತು. ನಾನು ಆ ಪತ್ರಿಕೆ ತರಿಸುವುದಿಲ್ಲ.

ಇಲ್ಲಿಗೆ ಪತ್ರ ಮುಗಿಸಬಹುದಿತ್ತು. ಆದರೆ ಗೆನೊವೆಫಾ ಊಟಕ್ಕೆ ಬಡಿಸುತ್ತ ಒಂದು ಮಾತು ಹೇಳಿದಳು. ಆಕೆ ಮೊನ್ನೆ ಮೊನ್ನೆಯವರೆಗೂ ಬಟ್ಟೆ ಗಿರಣಿಯಲ್ಲಿ ನೇಯುತ್ತಿದ್ದವಳು. ‘ಮಗ್ಗಕ್ಕೂ ಬ್ರೇಕ್ ಇರತ್ತಲ್ಲ. ಅದಕ್ಕೂ ಒಳಗಡೆ ಒಂದು ಪಟ್ಟಿ ಕಚ್ಚಬೇಕು. ನಮ್ಮ ಗಿರಣಿ ಮಗ್ಗಗಳನ್ನ ಈಗ ಕಬ್ಬಿಣದ ತೂಕಕ್ಕೆ ಮಾರ್ತಾ ಇದಾರೆ, ಪಟ್ಟಿ ಯಾರಿಗೂ ಬೇಡ.’ ಮರುದಿನ ಹೋಗಿ ನೋಡಿದೆವು. ಒಳ್ಳೆಯ ಪಟ್ಟಿ. ನಿಮ್ಮ ದವಡೆಗಳ ಮೇಲೆ ಅದನ್ನು ಕೂರಿಸಬಹುದೆಂದು ತೋರುತ್ತದೆ. ಲೋಹದ ಮೇಲೆ ಇನ್ನೊಂದನ್ನು ಅಂಟಿಸಿ, ಬೇಯಿಸಿ, ಉಜ್ಜಿ, ಕಚ್ಚುವಂತೆ ಮಾಡುವುದೇ ನನ್ನ ಕಸುಬು.

ಹಳೆಯ ದವಡೆಗಳನ್ನು ಬಿಚ್ಚಿ ಕಳಿಸಿ. ಇದರೊಂದಿಗೆ ಗುಲಾಬಿ ಬಣ್ಣದ ಮೇಣ ಇಟ್ಟಿದ್ದೇನೆ. ಬೆಚ್ಚಗೆ ಮಾಡಿ ಎರಡೂ ಡ್ರಮ್ಮುಗಳ ಒಳಮೈಗೆ ಒತ್ತಿ, ಅಚ್ಚು ತೆಗೆದು ಕಳಿಸಿ. ಬಾಯಿಯ ಅಚ್ಚು ನೋಡದೆ ನಾನು ಹಲ್ಲು ಕಟ್ಟಿದವನಲ್ಲ.

ಕೆಲಸ ಬಹಳ ಇದೆ. ಆದರೂ ಸಂಜೆ ಬಿಡುವು ಮಾಡಿಕೊಳ್ಳುತ್ತೇನೆ.

ತೆಯೊಫಿಲ್ ರಾಡ್ವಾನ್


ಓಲ್ಶಾನ್ಕಾ
೯ ಫೆಬ್ರವರಿ ೧೯೯೩

ಮಾನ್ಯ ತೆಯೊಫಿಲ್ ಅವರಿಗೆ,

ಪಾರ್ಸೆಲ್ ಕಳಿಸಿದ್ದೇನೆ. ದವಡೆಗಳು ಒಂದಕ್ಕೊಂದು ಬಡಿದುಕೊಳ್ಳದಿರಲಿ ಎಂದು ಸುತ್ತಲೂ ಒಣ ಅಣಬೆ ತುಂಬಿದ್ದೇನೆ. ಅಣಬೆಯನ್ನು ಸಾರಿಗೆ ಹಾಕಿಕೊಳ್ಳಿ.

ಮೇಣ ಕೊಟ್ಟಿಗೆಯಲ್ಲಿ ಮತ್ತೆ ಮತ್ತೆ ಗಟ್ಟಿಯಾಗುತ್ತಿತ್ತು. ಕೊನೆಗೆ ಡ್ರಮ್ಮುಗಳನ್ನೇ ಒಳಗೆ ತಂದು ಅಡಿಗೆಮನೆಯ ಮೇಜಿನ ಮೇಲೆ ಅಚ್ಚು ತೆಗೆದೆವು. ಬಲಗಡೆಯ ಡ್ರಮ್ಮನ್ನು ಒಮ್ಮೆ ಲೇತಿನಲ್ಲಿ ಕಡೆಸಿದ್ದರಂತೆ, ಅದು ಒಳಗಡೆ ಎಡಗಡೆಯದಕ್ಕಿಂತ ಅಗಲವಿದೆ. ಬಲಗಡೆಗೆ ಪಟ್ಟಿ ದಪ್ಪ ಬೇಕಾಗುತ್ತದೆ ಎಂದು ಬಾಜಿಲಿ ಹೇಳುತ್ತಾನೆ. ಬಲಗಡೆಯ ಅಚ್ಚಿಗೂ ದವಡೆಗಳಿಗೂ ಕೆಂಪು ದಾರ ಕಟ್ಟಿದ್ದೇನೆ.

ನಿಮ್ಮ ಕ್ಷಮೆಯನ್ನು ಬಾಜಿಲಿಗೆ ತಿಳಿಸಿದೆ. ‘ಪರವಾಗಿಲ್ಲ, ನನ್ನ ಹೆಂಡತೀನೂ ಪೊಲೀಸರಿಗೆ ಹೇಳ್ತೀನಿ ಅಂತಾನೇ ಇರ್ತಾಳೆ’ ಎಂದ. ಮುಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ನಳಿಗೆಗಳ ಬಾಯಿ ಕಟ್ಟಿಕೊಟ್ಟಿದ್ದಾನೆ, ತುಳಿದಾಗ ಎಣ್ಣೆ ಚೆಲ್ಲದಂತೆ.

ಪಾದ್ರಿಗಳು ಪ್ರತಿ ಭಾನುವಾರ, ‘ಮುದುಕಿ ಬಾಯಿ ಎಲ್ಲಿಗೆ ಬಂತು?’ ಎಂದು ಕೇಳುತ್ತಾರೆ. ನಗುತ್ತ ಕೇಳುತ್ತಾರೆ, ಆದರೆ ಪೇಟೆಯ ಹುಡುಗ ಹೋದ ವಾರ ಬಂದು ಆರ್ಗನ್ನಿನ ಗಾಳಿಚೀಲ ನೋಡಿಕೊಂಡು ಹೋದ.

ನಿಮ್ಮ ರೋಗಿಗಳಿಗೆ ತೊಂದರೆಯಾಗದಂತೆ ಮಾಡಿದರೆ ಸಾಕು.

ಲುದ್ವಿಕಾ


ವೂಚ್
೩ ಮಾರ್ಚ್ ೧೯೯೩

ಲುದ್ವಿಕಾ ಅವರಿಗೆ,

ಕೆಲಸ ಮುಗಿಯಿತು. ಮೊದಲ ಸಲ ಅಂಟು ಹಿಡಿಯಲಿಲ್ಲ. ಕಬ್ಬಿಣದಲ್ಲಿ ಹಳೆಯ ಎಣ್ಣೆ ಇಳಿದಿತ್ತು. ಒಲೆಯಲ್ಲಿ ಕಾಯಿಸಿ ಎಣ್ಣೆ ಸುಟ್ಟು ಮತ್ತೆ ಮಾಡಿದೆ. ಪಟ್ಟಿಗೆ ಅಂಟು ಹಚ್ಚಿ, ಹಲ್ಲಿನ ಅಚ್ಚನ್ನು ಬಿಗಿಯುವ ಹಿಡಿಕೆಯಲ್ಲೇ ಬಿಗಿದು, ಹಲ್ಲು ಬೇಯಿಸುವ ಒಲೆಯಲ್ಲೇ ಬೇಯಿಸಿದೆ. ನಂಬಿಕೆ ಸಾಲದೆ ತಾಮ್ರದ ರಿವೆಟ್ಟುಗಳನ್ನೂ ಹೊಡೆದಿದ್ದೇನೆ, ತಲೆ ಪಟ್ಟಿಯೊಳಗೆ ಮುಳುಗುವಂತೆ. ದವಡೆಯನ್ನು ಹತ್ತಿರ ದೂರ ಮಾಡುವ ಗುಬುಟುಗಳಲ್ಲಿ ಒಂದನ್ನು ತುಕ್ಕು ತಿಂದಿತ್ತು. ಹಲ್ಲಿನ ಸೆಟ್ಟಿನ ಚೌಕಟ್ಟಿಗೆ ಬಳಸುವ ಲೋಹದಿಂದ ಹೊಸದನ್ನು ಎರಕ ಹೊಯ್ದೆ. ಅದು ಕಾರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ನಿಮ್ಮ ಅಚ್ಚುಗಳ ಮೇಲೆ ಇಟ್ಟು, ಮಸಿಕಾಗದ ಹಾಕಿ, ತಾಗಿದ ಕಡೆ ಉಜ್ಜಿ ಉಜ್ಜಿ ಕೂರಿಸಿದ್ದೇನೆ. ಎಲ್ಲ ಕಡೆಯೂ ಸಮನಾಗಿ ಕಚ್ಚುತ್ತದೆ. ಒಲೆಗೆ ಹಾಕುವ ಮೊದಲು ಕೆಂಪು ದಾರ ಬಿಚ್ಚಬೇಕಾಯಿತು. ಅದರ ಬದಲು ಕಬ್ಬಿಣದ ಮೇಲೇ ‘ಬ’ ಮತ್ತು ‘ಎ’ ಎಂದು ಕೊರೆದಿದ್ದೇನೆ. ಬಲ, ಎಡ, ನಮ್ಮ ಕಸುಬಿನ ಪದ್ಧತಿಯಂತೆ.

ಪೆಟ್ಟಿಗೆ ಕಟ್ಟುವಾಗ ಗೆನೊವೆಫಾ, ‘ಕೊಡೋಕೆ ಮುಂಚೆ ನೀವೇ ಒಂದ್ಸಲ ಹಾಕ್ಕೊಂಡು ನೋಡ್ರಿ’ ಎಂದಳು. ಅಣಬೆಯ ಸಾರು ಚೆನ್ನಾಗಿತ್ತೆಂದೂ ತಿಳಿಸಲು ಹೇಳಿದ್ದಾಳೆ.

ತೆಯೊಫಿಲ್ ರಾಡ್ವಾನ್


ಓಲ್ಶಾನ್ಕಾ
೧೨ ಮಾರ್ಚ್ ೧೯೯೩

ಮಾನ್ಯ ತೆಯೊಫಿಲ್ ಅವರಿಗೆ,

ದವಡೆಗಳು ಬಂದವು. ನೋಡಲು ಎಷ್ಟು ಚೆನ್ನಾಗಿದ್ದವೆಂದರೆ ಅಮ್ಮ ಅವನ್ನು ಒಂದು ದಿನ ಕಿಟಕಿಯ ಬಳಿ ಇಡಿಸಿದಳು.

ನೀವು ಕೊರೆದ ಅಕ್ಷರ ನೋಡಿಕೊಂಡು, ನಿಮ್ಮ ಕಸುಬಿನ ಪದ್ಧತಿಯನ್ನು ಮರೆಯದೆ ಕೂರಿಸಿದೆವು. ಎಡ ಚಕ್ರದಲ್ಲಿ ಸ್ವಲ್ಪ ಬಿಗಿಯಾಯಿತು. ಡ್ರಮ್ಮು ಒಳಗೆ ಹೋಗಲೊಲ್ಲದು. ಬಾಜಿಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ‘ಹೊಸ ಹಲ್ಲು ಮೊದಮೊದಲು ಬಿಗೀನೇ ಇರೋದು. ನಮ್ಮತ್ತೆ ಹಾಕಿಸ್ಕೊಂಡಾಗ ಎರಡು ತಿಂಗಳು ಅತ್ಲು, ಆಮೇಲೆ ಸೇಬು ಕಚ್ಚಿ ತಿಂದ್ಲು’ ಎಂದ.

ಈಗ ಕಾರು ನಿಲ್ಲುತ್ತದೆ. ಎಡ ಚಕ್ರ ಮಾತ್ರ ಕಿರುಚುತ್ತದೆ. ‘ಲಾ’ ಸ್ವರಕ್ಕಿಂತ ತುಸು ಕೆಳಗೆ. ಆರ್ಗನ್ನಿನಲ್ಲಿ ಹಿಡಿದು ನೋಡಿದೆ, ಎರಡು ಕೀಲಿಗಳ ನಡುವೆ ಬೀಳುತ್ತದೆ. ಕೇಳಲು ಕಷ್ಟವಾಗುವುದು ಅದಕ್ಕೇ.

ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ಪಾಸ್ಖಕ್ಕೆ ಮೊದಲು ಜೇನು ಕಳಿಸುತ್ತೇನೆ.

ಲುದ್ವಿಕಾ


ವೂಚ್
೧೭ ಮಾರ್ಚ್ ೧೯೯೩

ಲುದ್ವಿಕಾ ಅವರಿಗೆ,

ಕಿರುಚುವುದಕ್ಕೆ ತಪ್ಪು ನನ್ನದಿರಬಹುದು. ಹಲ್ಲು ಎಲ್ಲ ಕಡೆ ಸಮ ಕಚ್ಚಬೇಕು. ನಾನು ಅದೇ ಅಭ್ಯಾಸದಲ್ಲಿ ಪಟ್ಟಿಯ ತುದಿಯನ್ನು ಚೌಕವಾಗಿಯೇ ಬಿಟ್ಟೆ. ಇಲ್ಲಿನ ಟ್ರಾಮ್ ಶೆಡ್ಡಿನಲ್ಲಿ ವಿಚಾರಿಸಿದಾಗ ನಕ್ಕರು. ಡ್ರಮ್ಮು ತಿರುಗಿ ಬಂದು ಮೊದಲು ತಾಗುವ ತುದಿಯನ್ನು ಓರೆಯಾಗಿ ಅರದಿಂದ ಉಜ್ಜಬೇಕಂತೆ. ಬೆರಳಿನ ಉಗುರಿನಷ್ಟು ಉದ್ದ ಸಾಕು.

ಒಂದು ಪ್ರಶ್ನೆಗೆ ಸರಿಯಾಗಿ ಉತ್ತರಿಸಿ. ಬ್ರೇಕ್ ತುಳಿದಾಗ ಕಾರು ನೇರ ನಿಲ್ಲುತ್ತದೆಯೋ, ಒಂದು ಕಡೆಗೆ ಎಳೆಯುತ್ತದೆಯೋ? ಹಲ್ಲು ಹಾಕಿಸಿಕೊಂಡವರು ನಾಚಿಕೆಯಿಂದ ‘ಎಲ್ಲ ಸರಿ ಇದೆ’ ಎನ್ನುತ್ತಾರೆ, ಮನೆಗೆ ಹೋಗಿ ಲೋಟದಲ್ಲಿ ಹಾಕಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ತೆಯೊಫಿಲ್


ಓಲ್ಶಾನ್ಕಾ
೨೪ ಮಾರ್ಚ್ ೧೯೯೩

ಮಾನ್ಯ ತೆಯೊಫಿಲ್ ಅವರಿಗೆ,

ನೀವು ಹೇಳಿದಂತೆ ಉಜ್ಜಿದೆವು. ಮೊದಲು ಕಿರುಚು ‘ಸೋಲ್’ ಸ್ವರಕ್ಕೆ ಇಳಿಯಿತು. ಇನ್ನಷ್ಟು ಉಜ್ಜಿದ ಮೇಲೆ ಬರೀ ಉಸಿರಿನಂತೆ ಕೇಳುತ್ತದೆ.

ತಪಾಸಣೆಗೆ, ಪಾಸ್ಖಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಮರುದಿನ, ಸೋಮವಾರಕ್ಕೆ ಹೆಸರು ಕೊಟ್ಟಿದ್ದೇನೆ. ಹಿಮ ಕರಗಿ ಗೂರ್ಕಾ ರಸ್ತೆಯೆಲ್ಲ ಕೆಸರು. ಇನ್ನು ದಿಮ್ಮಿ ಕಟ್ಟುವ ಕೆಲಸವಿಲ್ಲವೆಂದು ಪಾದ್ರಿಗಳಿಗೂ ಸಮಾಧಾನ. ಪ್ರತಿ ಭಾನುವಾರ ಅವರೂ ಇಳಿದು ಹಗ್ಗ ಹಿಡಿಯಬೇಕಾಗಿತ್ತು.

ಅಮ್ಮ ನಿಮಗೂ ಗೆನೊವೆಫಾ ಅವರಿಗೂ ವಂದನೆ ಹೇಳಿದ್ದಾಳೆ. ಜೇನು ಪ್ರತ್ಯೇಕ ಬರುತ್ತದೆ.

ಲುದ್ವಿಕಾ


ವೂಚ್
೨೯ ಮಾರ್ಚ್ ೧೯೯೩

ಲುದ್ವಿಕಾ ಗ್ರೊಮಾಡಾ ಅವರಿಗೆ,

ಯಾವ ದಿಮ್ಮಿ?

ಕಾರು ಕೊಟ್ಟಿಗೆಯಲ್ಲಿದೆ ಎಂದು ಜನವರಿಯಲ್ಲಿ ಬರೆದಿದ್ದಿರಿ. ಕೊಟ್ಟಿಗೆಯಲ್ಲಿ ನಿಂತ ಕಾರಿನ ಬ್ರೇಕನ್ನು ಯಾರೂ ತುಳಿಯುವುದಿಲ್ಲ, ನಳಿಗೆಯ ಬಾಯಿ ಕಟ್ಟಬೇಕಾಗಿಯೂ ಇಲ್ಲ. ನಾನು ಅದನ್ನು ಆಗಲೇ ಗಮನಿಸಬೇಕಿತ್ತು. ದವಡೆಗಳು ನನ್ನ ಮೇಜಿನ ಮೇಲಿದ್ದಾಗ ನೀವು ಗುಡ್ಡ ಇಳಿಯುತ್ತಿದ್ದಿರಿ ಎಂದು ತಿಳಿಯುತ್ತೇನೆ. ಅದು ಗೊತ್ತಿದ್ದರೆ ವಾರಗಟ್ಟಲೆ ಇಟ್ಟುಕೊಳ್ಳುತ್ತಿರಲಿಲ್ಲ.

ಎಳೆಯುತ್ತದೆಯೇ ಎಂದು ಕೇಳಿದ್ದೆ. ನೀವು ಉತ್ತರಿಸಿಲ್ಲ. ಆದ್ದರಿಂದ ಎಳೆಯುತ್ತದೆ. ಎಡಕ್ಕೆ ಇರಬೇಕು, ಬಿಗಿಯಾಗಿದ್ದು ಎಡ ಎಂದಿದ್ದೀರಿ. ದಪ್ಪ ಪಟ್ಟಿ ಇರುವುದು ‘ಬ’ ಎಂದು ಕೊರೆದ ದವಡೆಗಳಿಗೆ. ಅವು ಯಾವ ಚಕ್ರದಲ್ಲಿವೆ?

ಉತ್ತರಿಸುವ ತನಕ ಇಳಿಜಾರಿನಲ್ಲಿ ಓಡಿಸಬೇಡಿ.

ರಾಡ್ವಾನ್


ತಂತಿ. ಓಲ್ಶಾನ್ಕಾ, ೫ ಏಪ್ರಿಲ್ ೧೯೯೩

ಬ ಎಡ ಚಕ್ರದಲ್ಲಿ. ನಾನು ಕ್ಷೇಮ. ಕಾರು ಪೊದೆಯಲ್ಲಿ. ಪಾದ್ರಿಗಳ ಮೇಲಿನ ದವಡೆ ಎರಡು ತುಂಡು. ಹಲ್ಲಿನ ದವಡೆ. ಪಾಸ್ಖಕ್ಕೆ ಬೇಕು. ಲುದ್ವಿಕಾ


ತಂತಿ. ವೂಚ್, ೫ ಏಪ್ರಿಲ್ ೧೯೯೩

ನಾಳೆ ಸಂಜೆ ರೈಲಿಗೆ ಬರುತ್ತೇನೆ. ತುಂಡು ಎಸೆಯಬೇಡಿ. ಬಾಜಿಲಿ ಮುಟ್ಟದಿರಲಿ. ರಾಡ್ವಾನ್


ಓಲ್ಶಾನ್ಕಾ
೧೪ ಏಪ್ರಿಲ್ ೧೯೯೩

ಮಾನ್ಯ ತೆಯೊಫಿಲ್ ಅವರಿಗೆ,

ನೀವು ನಮ್ಮ ಮನೆಯಲ್ಲಿ ಇದ್ದಷ್ಟು ದಿನ ನನಗೆ ಮಾತು ಬರಲಿಲ್ಲ. ನೀವೂ ಕೇಳಲಿಲ್ಲ. ಬುಧವಾರ, ಕಾರನ್ನು ಪೊದೆಯಿಂದ ಎಳೆದು ತಂದ ಮೇಲೆ, ಡ್ರಮ್ಮು ಬಿಚ್ಚಿಸಿ ಆ ಅಕ್ಷರ ನೋಡಿದಿರಿ. ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿಸಿ ಕೈ ತೊಳೆಯಲು ಹೋದಿರಿ. ಏನಾದರೂ ಅಂದಿದ್ದರೆ ಚೆನ್ನಾಗಿರುತ್ತಿತ್ತು. ಈಗ ಎಲ್ಲ ಬರೆಯುತ್ತೇನೆ.

ದಿಮ್ಮಿಯ ವಿಷಯ ನಿಜ. ನಮ್ಮಲ್ಲಿ ಕಾಡಿನಿಂದ ಮರ ಇಳಿಸುವವರು ಗಾಡಿಯ ಹಿಂದೆ ಒಂದು ದಿಮ್ಮಿ ಕಟ್ಟಿ ಎಳೆದುಕೊಂಡು ಇಳಿಯುತ್ತಾರೆ, ಅದು ನೆಲಕ್ಕೆ ಉಜ್ಜಿ ಗಾಡಿಯನ್ನು ತಡೆಯುತ್ತದೆ. ನಾನೂ ಹಾಗೇ ಮಾಡಿದೆ. ಹೋಗದಿದ್ದರೆ ಪೇಟೆಯ ಹುಡುಗ ಮರುದಿನವೇ ಬರುತ್ತಿದ್ದ. ನಿಮಗೆ ಬರೆದಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ. ಆದ್ದರಿಂದ ಬರೆಯಲಿಲ್ಲ.

ಎಡಕ್ಕೆ ಎಳೆಯುತ್ತಿದ್ದದ್ದೂ ನಿಜ. ಅಷ್ಟು ಕಷ್ಟಪಟ್ಟು ಮಾಡಿದವರಿಗೆ ಸರಿಯಿಲ್ಲ ಎಂದು ಹೇಗೆ ಹೇಳುವುದು ಎಂದುಕೊಂಡೆ. ನಿಮ್ಮ ಕೊನೆಯ ಪತ್ರ ಶನಿವಾರವೇ ಬಂದಿತ್ತಂತೆ. ಅಂಚೆಯ ಹೆಂಗಸು ಹಬ್ಬಕ್ಕೆ ಗರಿ ಕಟ್ಟುತ್ತ ಕೂತವಳು ಸೋಮವಾರ ತಂದುಕೊಟ್ಟಳು.

ಅಕ್ಷರದ ವಿಷಯ. ‘ನಮ್ಮ ಕಸುಬಿನ ಪದ್ಧತಿಯಂತೆ’ ಎಂದು ಬರೆದಿದ್ದಿರಿ. ನಾನು ಒಂದು ಸಂಜೆಯೆಲ್ಲ ಅದನ್ನೇ ಯೋಚಿಸಿದೆ. ಹಲ್ಲು ಕಟ್ಟುವವರು ಬಾಯಿಯ ಎದುರು ಕೂರುತ್ತಾರೆ. ಅವರ ಬಲಗೈ ಕಡೆ ಇರುವುದು ಎದುರಿನವರ ಎಡ. ಹಾಗಾದರೆ ನೀವು ಬಲ ಎಂದದ್ದು ಕಾರಿನ ಎಡ. ಬಾಜಿಲಿ, ‘ಬಲ ಅಂದ್ರೆ ಬಲ ಕಣಮ್ಮ, ಅದರಲ್ಲಿ ಪದ್ಧತಿ ಏನು ಬಂತು’ ಎಂದ. ನಾನೇ ಹಟ ಹಿಡಿದೆ. ನಿಮ್ಮ ಜಾಗದಲ್ಲಿ ಕೂತು ನೋಡಬೇಕು ಎಂದೆ. ಅವನನ್ನು ಬೈಯಬೇಡಿ.

ಗರಿಗಳ ಭಾನುವಾರ ಗೂರ್ಕಾದಲ್ಲಿ ಪೂಜೆ ಮುಗಿಸಿ ಇಳಿಯುತ್ತಿದ್ದೆವು. ಪಾದ್ರಿಗಳ ಕೈಯಲ್ಲಿ ಉದ್ದನೆಯ ಗರಿ, ಅರ್ಧ ಕಿಟಕಿಯಿಂದ ಹೊರಗೆ. ಕಲ್ಲುಶಿಲುಬೆಯ ತಿರುವಿನಲ್ಲಿ ಬ್ರೇಕ್ ತುಳಿದೆ.

‘ಲುದ್ವಿಕಾ, ರಸ್ತೆ ಬಲಕ್ಕೆ ಹೋಗತ್ತಲ್ಲ?’ ಎಂದರು.

‘ಹೌದು ಫಾದರ್.’

‘ನಾವು?’

ಅಷ್ಟರಲ್ಲಿ ಹೇಜಲ್ ಪೊದೆಯೊಳಗೆ ಇದ್ದೆವು. ಪೊದೆ ದಟ್ಟವಿತ್ತು, ನಿಲ್ಲಿಸಿತು. ಅವರ ಬಾಯಿ ಮುಂದಿನ ಹಲಗೆಗೆ ತಾಗಿ ತುಟಿ ಒಡೆಯಿತು. ದವಡೆ ಹೊರಗೆ ಬಂದು ನನ್ನ ಮಡಿಲಿಗೆ ಬಿತ್ತು, ಎರಡು ತುಂಡಾಗಿ. ಅವರು ಏನೋ ಅಂದರು. ಹಲ್ಲಿಲ್ಲದ ಕಾರಣ ನನಗೆ ಅರ್ಥವಾಗಲಿಲ್ಲ. ಮೂರನೇ ಸಲ ಹೇಳಿದಾಗ ತಿಳಿಯಿತು: ‘ದಿಮ್ಮಿ ಇದ್ದಾಗ್ಲೇ ಚೆನ್ನಾಗಿತ್ತು.’

ಆ ಮೇಲೆ ಕೆಳಗಿನ ಚರ್ಚಿನಲ್ಲಿ ಪೂಜೆಗೆ ನಾನು ನುಡಿಸಿದೆ, ಅವರು ತುಟಿ ಮುಚ್ಚಿಕೊಂಡು ಓದಿದರು. ಸಂಜೆ ಪೇಟೆಯ ಹುಡುಗನಿಗೆ ಬರಲು ಹೇಳಿಕಳಿಸಿದರು.

ನೀವು ಅವರ ದವಡೆ ಕೂರಿಸಿಕೊಟ್ಟು ಗುರುವಾರ ಬೆಳಿಗ್ಗೆ ಹೊರಟಿರಿ. ಪಾಸ್ಖದ ವಾರದ ನಿಯಮದಂತೆ ಗುರುವಾರದ ಪೂಜೆಯ ನಡುವಿನಿಂದ ಶನಿವಾರದ ತನಕ ಆರ್ಗನ್ ಮುಚ್ಚಿರುತ್ತದೆ. ಮುಚ್ಚಿದ್ದು ನಾನು. ಮತ್ತೆ ತೆರೆಯುವುದು ಯಾರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಬಾಜಿಲಿಯನ್ನು ಕರೆದುಕೊಂಡು, ಸೋಮವಾರ ತಪ್ಪಿದ ತಪಾಸಣೆಗೆ ಹೋದೆ. ಅಲ್ಲಿನವನು ಬ್ರೇಕ್ ನೋಡಿ, ‘ಈ ದವಡೆ ಎಲ್ಲಿ ಹುಡುಕಿದ್ರಿ?’ ಎಂದ. ಹಲ್ಲು ಕಟ್ಟುವವರು ಮಾಡಿದ್ದು ಎಂದೆ. ‘ಹಾಗಾದ್ರೆ ಸಿಹಿ ಕಮ್ಮಿ ಮಾಡೋಕೆ ಹೇಳಿ ಅವಳಿಗೆ’ ಎಂದು ಮುದ್ರೆ ಒತ್ತಿದ.

ಮುದ್ರೆಯ ಕಾಗದವನ್ನು ಪಾದ್ರಿಗಳ ಮೇಜಿನ ಮೇಲಿಟ್ಟೆ. ಅವರು ಜನ ತಂದ ಹಬ್ಬದ ಮೊಟ್ಟೆ ಬುಟ್ಟಿಗಳಿಗೆ ತೀರ್ಥ ಹಾಕಲು ಹೊರಟಿದ್ದರು. ಕನ್ನಡಕ ಹಾಕಿಕೊಂಡು ಓದಿದರು. ‘ನಿಮ್ಮ ಆ ಮನುಷ್ಯ ನನ್ನ ದವಡೆ ಉಜ್ಜುವಾಗ ಏನಂದ ಗೊತ್ತಾ?’ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ‘ತಪ್ಪು ಅಕ್ಷರ ಬರೆದವನು ನಾನು, ಅವಳಲ್ಲ ಅಂದ. ನನ್ನ ಬಾಯಿ ತುಂಬ ಅವನ ಬೆರಳು, ನಾನು ಎದುರು ಹೇಳೋ ಹಾಗೂ ಇರಲಿಲ್ಲ. ಹೋಗು, ಸಂಜೆಗೆ ಆರ್ಗನ್ ಒರೆಸಿಡು. ಆ ಹುಡುಗನಿಗೆ ಬೇಡ ಅಂತ ಹೇಳಿದೀನಿ. ಆದರೆ ನಿನ್ನ ಗಾಡೀಲಿ ಮಾತ್ರ ನಾನು ಕೂರಲ್ಲ.’

ಈಗ ಅವರು ಬಾಜಿಲಿಯ ಕುದುರೆಗಾಡಿಯಲ್ಲಿ ಗೂರ್ಕಾಕ್ಕೆ ಬರುತ್ತಾರೆ. ನಾನು ಮೊದಲೇ ತಲುಪುತ್ತೇನೆ. ಅವರು ಬರುವ ತನಕ ನುಡಿಸುತ್ತಿರುತ್ತೇನೆ. ಜನರೂ ಬೇಗ ಬಂದು ಕೂರುತ್ತಾರೆ.

ನೀವು ಪಾದ್ರಿಗಳಿಗೆ ಹಾಗೆ ಹೇಳಿದ್ದು ಯಾಕೆ? ಅಕ್ಷರ ತಪ್ಪಿರಲಿಲ್ಲ.

ಲುದ್ವಿಕಾ


ವೂಚ್
೨೦ ಏಪ್ರಿಲ್ ೧೯೯೩

ಲುದ್ವಿಕಾ ಅವರಿಗೆ,

ಅಕ್ಷರ ತಪ್ಪಿರಲಿಲ್ಲ, ಅದರ ಪಕ್ಕದ ಮಾತು ತಪ್ಪು. ನಮ್ಮ ಕಸುಬಿನಲ್ಲಿ ಬಲ ಎಂದರೆ ಎದುರು ಕೂತವರ ಬಲ. ಬಾಯಿ ಯಾರದೋ, ಬಲ ಅವರದು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವುದು ಅದನ್ನೇ, ಆ ಮೇಲೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಕಾರಿನೊಳಗೆ ಕೂತವರ ಬಲವನ್ನೇ ಬರೆದೆ. ನೀವು ಎದ್ದು ಬಂದು ನನ್ನ ಕುರ್ಚಿಯಲ್ಲಿ ಕೂರುತ್ತೀರೆಂದು ನನಗೆ ಹೊಳೆಯಲಿಲ್ಲ. ನಲವತ್ತು ವರ್ಷದಲ್ಲಿ ಯಾವ ರೋಗಿಯೂ ಹಾಗೆ ಮಾಡಿಲ್ಲ. ಬುಧವಾರ ಡ್ರಮ್ಮು ಬಿಚ್ಚಿದಾಗ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಕೈ ತೊಳೆಯಲು ಹೋದೆ.

ನೀವು ಎಲ್ಲ ಬರೆದಿದ್ದೀರಿ, ನಾನೂ ಒಂದು ಬರೆಯಬೇಕು. ಕೆಲಸ ಬಹಳ ಇದೆ ಎಂದದ್ದು ನಿಜವಲ್ಲ. ನಾನು ಹಲ್ಲು ಕಟ್ಟುತ್ತಿದ್ದ ಸಹಕಾರಿ ಸಂಘ ಕಳೆದ ವರ್ಷ ಮುಚ್ಚಿತು. ಮನೆಯಲ್ಲೇ ಒಲೆ ಇಟ್ಟುಕೊಂಡು ಜಾಹೀರಾತು ಕೊಟ್ಟೆ. ಒಬ್ಬರೂ ಬರಲಿಲ್ಲ. ನನ್ನ ಕೈ ಹಳತಾಯಿತು, ಊರಿಗೆ ಗೊತ್ತಾಗಿದೆ ಎಂದುಕೊಂಡಿದ್ದೆ. ಮೊದಲು ಬಂದದ್ದು ನಿಮ್ಮ ಪತ್ರ. ಟೈರುಗಳ ಕೆಳಗೆ ಇತ್ತೆಂದು ನೀವು ಬರೆದ ದಿನ ನಾನು ಗೆನೊವೆಫಾಗೆ ಆ ಸಾಲನ್ನು ಓದಿ ಹೇಳಲಿಲ್ಲ. ಒಬ್ಬನೇ ಓದಿಕೊಂಡೆ.

ನಿನ್ನೆ ಪತ್ರಿಕೆಯ ಕಚೇರಿಗೆ ಹೋಗಿದ್ದೆ. ಜಾಹೀರಾತು ತೆಗೆದುಕೊಳ್ಳುವ ಹೆಂಗಸು, ‘ದವಡೆ ಅಂದ್ರೆ ಗಾಡೀದಲ್ವಾ ಸಾರ್? ಹಲ್ಲಿಂದಾದ್ರೆ ಹಲ್ಲು ಅಂತ ಬರೀಬೇಕಿತ್ತು’ ಎಂದಳು. ವೈದ್ಯರ ಅಂಕಣಕ್ಕೆ ಹಾಕಲೇ ಎಂದು ಕೇಳಿದಳು. ಎರಡೂ ಕಡೆ ಹಾಕಿ ಎಂದೆ.

ಓಲ್ಶಾನ್ಕಾದಲ್ಲಿ ಪಾದ್ರಿಗಳ ಬಾಯಿ ನೋಡಿಕೊಂಡು ಹೋಗಲು ಬಂದಿದ್ದ ಹೆಂಗಸರೆಲ್ಲ ತಮ್ಮ ಬಾಯನ್ನೂ ತೋರಿಸಿದರು. ನಿಮ್ಮ ಅಮ್ಮ ಮಾತ್ರ ತೋರಿಸಲಿಲ್ಲ. ಆಕೆ ಸೇಬನ್ನು ಎಡಗಡೆಯಿಂದ ಮಾತ್ರ ತಿನ್ನುವುದನ್ನು ನೋಡಿದೆ. ಕೇಳಲಿಲ್ಲ.

ತೆಯೊಫಿಲ್


ಓಲ್ಶಾನ್ಕಾ
೪ ಮೇ ೧೯೯೩

ಮಾನ್ಯ ತೆಯೊಫಿಲ್ ಅವರಿಗೆ,

ನಮ್ಮ ಮುದುಕಿಗೆ ಕೆಳಗಿನ ದವಡೆ ಬೇಕು. ಈ ಸಲ ಕೊಟ್ಟಿಗೆಯಲ್ಲಿರುವವಳಿಗಲ್ಲ. ಕೊಟ್ಟಿಗೆಯವಳು ನೇರ ನಿಲ್ಲುತ್ತಾಳೆ, ಸದ್ದಿಲ್ಲ.

ನಿಮ್ಮ ಪತ್ರದ ಸೇಬಿನ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಒಂದು ವಾರ ಸೇಬು ಮುಟ್ಟಲಿಲ್ಲ. ಆ ಮೇಲೆ, ‘ಹದಿನೇಳು ಅಂದಿದ್ದು ನಮ್ಮಪ್ಪ ಸತ್ತ ವರ್ಷದ ಲೆಕ್ಕ, ಅವರಿಗೆ ಬರಿ’ ಎಂದಳು. ಕೆಳಗಡೆ ಈಗ ಎಡಗಡೆ ಮೂರು ಉಳಿದಿವೆ. ಬಾಜಿಲಿ ಅಚ್ಚು ತೆಗೆಯಲು ಬಂದಿದ್ದ. ಅಮ್ಮ ಅವನ ಜೇಬು ನೋಡಿ ಸುತ್ತಿಗೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು, ಆದರೂ ಒಪ್ಪಲಿಲ್ಲ. ಕೊನೆಗೆ ನಾನೇ ತೆಗೆದೆ. ಡ್ರಮ್ಮಿಗಿಂತ ಸುಲಭವಾಯಿತು.

ಮೇಣ ಬೆಚ್ಚಗಿರುವಾಗಲೇ ಒಂದು ತುದಿಗೆ ಕೆಂಪು ದಾರ ಒತ್ತಿದ್ದೇನೆ. ಅದು ಬಲ.

ಅಮ್ಮನ ಬಲ.

ಲುದ್ವಿಕಾ